ಐದು ಕಿಲೋ ಕಲ್ಲಿನ ವಿಚಾರವಾಗಿ ಇತಿಹಾಸ ವಿಭಾಗದ ಅಧ್ಯಕ್ಷರಿಗೆ

ಇತಿಹಾಸ ವಿಭಾಗದ ಪಿಎಚ್.ಡಿ. ಪ್ರವೇಶ ಸಮಿತಿಯ ಘನ ಅಧ್ಯಕ್ಷರ ಸಮ್ಮುಖಕ್ಕೆ,

ಮಾನ್ಯರೇ,

ತಮಗೂ, ತಮ್ಮ ಸಮಿತಿಯ ಉಳಿದ ನಾಲ್ವರು ಸದಸ್ಯರಿಗೂ, ವಿಭಾಗದ ಹೊರಗೋಡೆಯಲ್ಲಿ ಗಾಜಿನ ಬಾಗಿಲಿಗೆ ಬೀಗ ಹಾಕಿಸಿಕೊಂಡು, ಆಯ್ಕೆಯಾದವರ ಹೆಸರುಗಳನ್ನು ಗಾಳಿ ಕೂಡ ಮುಟ್ಟದಂತೆ ಕಾಪಾಡುತ್ತಿರುವ ಸೂಚನಾ ಫಲಕಕ್ಕೂ ತಕ್ಕಡಿ ರಿಪೇರಿ ಅಂಗಡಿಯವಳ ಸವಿನಯ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಬರೆಯಲು ಪೆನ್ನು ಎತ್ತಿದೆ, ಆದರೆ ಧೈರ್ಯ ಸಾಲಲಿಲ್ಲ. ಏಕೆಂದರೆ ಏಳು ವರ್ಷಗಳಲ್ಲಿ ತಮ್ಮ ವಿಭಾಗದಿಂದ ನನ್ನ ಅರ್ಜಿಗಳಿಗೆ ಬಂದಿರುವ ಏಳು ಉತ್ತರಗಳಲ್ಲಿಯೂ ತಾವು ಬಿಡದೆ ವಿಷಾದಿಸಿದ್ದೀರಿ. ಎರಡು ಸಲ ತೀವ್ರವಾಗಿ, ಒಂದು ಸಲ ಹೃತ್ಪೂರ್ವಕವಾಗಿ. ಇಷ್ಟೊಂದು ವಿಷಾದ ಯಾವ ಮನುಷ್ಯನ ಆರೋಗ್ಯಕ್ಕೂ ಒಳ್ಳೆಯದಲ್ಲ. ನಾಲ್ಕನೆಯ ಪತ್ರ ಬಂದ ದಿನ ನಮ್ಮ ಅಪ್ಪ ಕನ್ನಡಕ ಏರಿಸಿಕೊಂಡು ಅದನ್ನು ಎರಡು ಸಲ ಓದಿ, ಮಡಚಿ, ನನ್ನ ಕಡೆ ತಿರುಗಿ, "ಪಾಪ, ಅವರಿಗ್ಯಾಕಮ್ಮ ವರ್ಷಾ ವರ್ಷಾ ಇಷ್ಟು ಬೇಜಾರು ಮಾಡ್ತೀಯ? ಅರ್ಜಿ ಹಾಕೋದು ಬಿಟ್ಬಿಡು. ಅವರಾದ್ರೂ ನೆಮ್ಮದಿಯಾಗಿರ್ಲಿ" ಎಂದರು. ಅಪ್ಪ ವ್ಯಂಗ್ಯವಾಡುವವರಲ್ಲ. ಕಾಗದದ ಮೇಲೆ ಅಚ್ಚಾದದ್ದನ್ನೆಲ್ಲ ನಿಜವೆಂದು ನಂಬುವ ಹಳೆಯ ಕಾಲದ ಜೀವ.

ನನ್ನ ಪರಿಚಯ ತಮಗೆ ಇರಲಾರದು. ಏಳು ಸಲ ಪರಿಚಯಿಸಿಕೊಂಡವರನ್ನು ಗುರುತಿಟ್ಟುಕೊಳ್ಳುವುದು ಕಷ್ಟವೇ ಸರಿ. ಮಾರುಕಟ್ಟೆ ಬೀದಿಯ ತಿರುವಿನಲ್ಲಿ, ಟೈಲರ್ ಅಂಗಡಿಗೂ ಬೀಗದ ಅಂಗಡಿಗೂ ನಡುವೆ, ಒಂದು ಬಾಗಿಲಿನಷ್ಟೇ ಅಗಲವಾದ ಕೋಣೆಯಲ್ಲಿ ನಾನೂ ಅಪ್ಪನೂ ತಕ್ಕಡಿಗಳನ್ನು ರಿಪೇರಿ ಮಾಡುತ್ತೇವೆ. ದಂಡ ಬಾಗಿದರೆ ನೆಟ್ಟಗೆ ಮಾಡುತ್ತೇವೆ, ಮುಳ್ಳು ಅಂಟಿಕೊಂಡರೆ ಬಿಡಿಸುತ್ತೇವೆ, ಕಬ್ಬಿಣದ್ದಾದರೂ ಬೀದಿಯವರೆಲ್ಲ ಕಲ್ಲು ಎಂದೇ ಕರೆಯುವ ತೂಕದ ಬಟ್ಟುಗಳು ಸವೆದಿದ್ದರೆ ಅವುಗಳ ಹೊಟ್ಟೆಗೆ ಸೀಸ ಹುಯ್ದು ಸರಿದೂಗಿಸುತ್ತೇವೆ. ಈ ಕೆಲಸದ ಮಧ್ಯೆ, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಓದಿ, ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿದೆ. ಮುಗಿಸಿದವಳು ಸುಮ್ಮನಿರಬೇಕಿತ್ತು. ಹಾಗಿರದೆ, ಮೋಸದ ತೂಕಗಳ ಇತಿಹಾಸ ಬರೆಯಬೇಕು, ಅದೂ ತಮ್ಮ ವಿಭಾಗದಲ್ಲಿಯೇ ಕುಳಿತು ಬರೆಯಬೇಕು ಎಂಬ ಹುಚ್ಚು ಹಿಡಿಸಿಕೊಂಡೆ.

ಮೊದಲನೆಯ ವರ್ಷ ನಾನು ಮನುಷ್ಯ ತೂಗಲು ಆರಂಭಿಸಿದಂದಿನಿಂದ ಹಿಡಿದು ನಿನ್ನೆ ಸಂಜೆಯವರೆಗಿನ ಎಲ್ಲ ತೂಕಗಳ ಇತಿಹಾಸ ಬರೆಯುವೆನೆಂದು ಅರ್ಜಿ ಹಾಕಿದೆ. ವಿಷಯದ ವ್ಯಾಪ್ತಿ ಅತಿ ವಿಶಾಲವಾಯಿತೆಂದು ತಾವು ವಿಷಾದಿಸಿದಿರಿ, ನ್ಯಾಯವಾಗಿಯೇ ಇತ್ತು. ಎರಡನೆಯ ವರ್ಷ ನಮ್ಮ ಬೀದಿಯೊಂದರ ಕಳ್ಳ ಕಲ್ಲುಗಳ ಐವತ್ತು ವರ್ಷಗಳ ಕಥೆಗೆ ಇಳಿದೆ. ವ್ಯಾಪ್ತಿ ಅತಿ ಸಂಕುಚಿತವಾಯಿತೆಂದು ವಿಷಾದಿಸಿದಿರಿ. ಮೂರನೆಯ ವರ್ಷ ಎರಡರ ಮಧ್ಯೆ, ಮುಳ್ಳು ಅತ್ತಿತ್ತ ಅಲುಗದಂತೆ ಒಂದು ಊರಿನ ನಾಲ್ಕು ಮಾರುಕಟ್ಟೆಗಳನ್ನು ಆರಿಸಿಕೊಂಡೆ. ಆಗ ತಾವು, ವ್ಯಾಪ್ತಿ ಸರಿಯಿದೆ, ಆದರೆ "ಅರ್ಜಿದಾರರ ಹೇಳಿಕೆಗಳಿಗೆ ಭೌತಿಕ ಆಧಾರವಿಲ್ಲ" ಎಂದು ಬರೆದಿರಿ. ಆ ಒಂದು ಸಾಲಿಗೆ ನಾನು ಇಂದಿಗೂ ಋಣಿ, ಅದು ನಿಜವಾಗಿತ್ತು.

ಇಲ್ಲದಿದ್ದ ಆ ಆಧಾರ ಯಾವುದೆಂದು ಇಲ್ಲಿಯೇ ಅರಿಕೆ ಮಾಡಿಕೊಳ್ಳುತ್ತೇನೆ, ಅರ್ಜಿಯಲ್ಲಿ ಓದಿರುತ್ತೀರಿ ಎಂಬ ಭ್ರಮೆ ಈಗ ಉಳಿದಿಲ್ಲ. ನಮ್ಮ ಅಜ್ಜನ ಕಾಲದಲ್ಲಿ ಮಾರುಕಟ್ಟೆಯಲ್ಲಿ ಸೀಸದಣ್ಣ ಎಂದು ಕರೆಸಿಕೊಳ್ಳುತ್ತಿದ್ದ ಕುಶಲಕರ್ಮಿಯೊಬ್ಬನಿದ್ದ. ಕೊಳ್ಳುವವರು ಹೇಳಿದರೆ ಕಲ್ಲನ್ನು ಭಾರ ಮಾಡಿಕೊಡುತ್ತಿದ್ದ, ಮಾರುವವರು ಹೇಳಿದರೆ ಹಗುರ ಮಾಡಿಕೊಡುತ್ತಿದ್ದ, ಬಳಿಕ ತೂಕದ ಇನ್‌ಸ್ಪೆಕ್ಟರರ ಮುದ್ರೆಯನ್ನು ತಾನೇ ಒತ್ತಿಬಿಡುತ್ತಿದ್ದ. ಅವನದು ಎಡಗೈ. ಅದಕ್ಕೋ, ಸೊಕ್ಕಿಗೋ, ಮುದ್ರೆಯನ್ನು ಸದಾ ತಲೆಕೆಳಗಾಗಿ ಒತ್ತುತ್ತಿದ್ದನಂತೆ. ಅಜ್ಜ ಅಪ್ಪನಿಗೆ, ಅಪ್ಪ ನನಗೆ ಹೇಳಿದ ಮಾತಿದು. ಸಿಕ್ಕಿಬಿದ್ದ ಕಲ್ಲುಗಳನ್ನೆಲ್ಲ ಅಧಿಕಾರಿಗಳು ಕರಗಿಸಿಬಿಟ್ಟದ್ದರಿಂದ ತಲೆಕೆಳಗು ಮುದ್ರೆಯ ಒಂದೇ ಒಂದು ಕಲ್ಲು ಎಲ್ಲಿಯೂ ಉಳಿದಿರಲಿಲ್ಲ. ನಾನು ಹಿಂದೆ ಬಿದ್ದದ್ದು ಆ ಒಂದು ಕಲ್ಲಿಗೆ. ಗುಜರಿ ಅಂಗಡಿಗಳ ರಾಶಿಗಳಲ್ಲಿ ಕೈಯಾಡಿಸಿದೆ, ಪರಿಚಯವಿಲ್ಲದವರ ಮನೆಗಳ ಬಾಗಿಲಿಗೆ ಒತ್ತಾಗಿಟ್ಟ ಕಲ್ಲುಗಳನ್ನು ಮಗುಚಿ ನೋಡಿ ಬೈಸಿಕೊಂಡೆ.

ನಾಲ್ಕನೆಯ ವರ್ಷ ತಾವು ನನ್ನನ್ನು ಸಂದರ್ಶನಕ್ಕೆ ಕರೆದದ್ದನ್ನು ನಾನು ಮರೆಯುವಂತಿಲ್ಲ. ಐವರು ಪ್ರಾಧ್ಯಾಪಕರು ಒಂದು ಉದ್ದನೆಯ ಮೇಜಿನ ಆಚೆ ಕುಳಿತಿದ್ದಿರಿ. ಮೊದಲ ಎರಡು ನಿಮಿಷ ಮೋಸದ ತೂಕಗಳ ಬಗ್ಗೆ ಮಾತಾಯಿತು. ಆಮೇಲೆ ಬಲತುದಿಯ ಪ್ರೊಫೆಸರರು ಮುಂದಕ್ಕೆ ಬಾಗಿ, "ಅಲ್ಲಮ್ಮ, ನಮ್ಮ ಮನೇಲೊಂದು ತಕ್ಕಡಿ ಇದೆ, ನಿಂತ್ಕೊಂಡು ತೂಕ ನೋಡೋದು. ಬೆಳಗ್ಗೆ ಒಂದು ತೋರಿಸುತ್ತೆ, ಸಂಜೆ ಒಂದು ತೋರಿಸುತ್ತೆ. ಯಾಕೆ?" ಎಂದು ಕೇಳಿದರು. ಉಳಿದ ಹದಿನೆಂಟು ನಿಮಿಷ ನಾನು ಸ್ಪ್ರಿಂಗಿನ ಸ್ವಭಾವವನ್ನು ವಿವರಿಸಿದೆ. ಐವರೂ ತಲೆದೂಗಿದಿರಿ, ಇಬ್ಬರು ಬರೆದುಕೊಂಡಿರಿ. ನಾನು ಗೆದ್ದೆನೆಂದು ಕುಣಿಯುತ್ತಾ ಮನೆಗೆ ಬಂದೆ. ಮುಂದಿನ ವಾರ ತಮ್ಮಿಂದ ಎರಡು ಬಂದವು: ಒಂದು ವಿಷಾದಪತ್ರ, ಇನ್ನೊಂದು ಆ ಪ್ರೊಫೆಸರರ ತಕ್ಕಡಿ.

ಐದನೆಯ ವರ್ಷ ತಾವು ಅರ್ಜಿಗಳನ್ನು ಓದುವ ಕಷ್ಟದಿಂದ ಪಾರಾಗಲು ಯಂತ್ರವೊಂದನ್ನು ತಂದಿರಿ. ಅದಕ್ಕೆ ಅರ್ಜಿಯ ಮೊದಲ ಪುಟ ತುಂಬಿಸಿದ ಕೂಡಲೇ 'ಅಭಿನಂದನೆಗಳು!' ಎಂದು ಬಂತು. ನಮ್ಮ ಅಕ್ಕ ಮೂಳೆ ವಾರ್ಡಿನ ನರ್ಸು, ಅವಸರದ ಪ್ರಾಣಿ. ಆಸ್ಪತ್ರೆಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಹದಿನಾರು ಜನರಿಗೂ ತಂಗಿ ಡಾಕ್ಟರ್ ಆದಳೆಂದು ಸಾರಿಬಿಟ್ಟಳು. ಅವರಲ್ಲಿ ಒಬ್ಬರು ತಮ್ಮ ಮಂಡಿಯ ಎಕ್ಸ್‌ರೇಯನ್ನು ನನ್ನ ಅಂಗಡಿಗೆ ಕಳಿಸಿದರು. ಅಭಿನಂದನೆ ಮೊದಲ ಪುಟ ತುಂಬಿಸಿದ್ದಕ್ಕೆ ಮಾತ್ರವೆಂದೂ, ಎರಡನೆಯ ಪುಟದಲ್ಲಿ 'ಈಗಿನ ಹುದ್ದೆ' ಎಂಬಲ್ಲಿ ತಕ್ಕಡಿ ರಿಪೇರಿ ಎಂಬ ಆಯ್ಕೆಯೇ ಇಲ್ಲದ್ದರಿಂದ ಅರ್ಜಿ ತಾನಾಗಿಯೇ ತಿರಸ್ಕೃತವಾಯಿತೆಂದೂ ನಾಲ್ಕು ನಿಮಿಷಗಳ ಬಳಿಕ ತಿಳಿಯಿತು. ಯಂತ್ರವೂ ವಿಷಾದಿಸಿತು. ತಮ್ಮ ವಿಭಾಗದ ಸಂಸ್ಕಾರ ಅದಕ್ಕೂ ತಟ್ಟಿತ್ತು.

ಅಕ್ಕ ಅಂದೇ ಕಟ್ಟಪ್ಪಣೆ ಮಾಡಿದಳು: "ಇನ್ನೆರಡೇ ಸಲ. ಏಳಕ್ಕೂ ಆಗ್ಲಿಲ್ಲ ಅಂದ್ರೆ, ಅರ್ಜಿ ಬರೆಯೋ ಕೈಗೆ ಹೆಬ್ಬೆರಳಿಂದ ಭುಜದ ತನಕ ಪ್ಲಾಸ್ಟರ್ ಹಾಕ್ತೀನಿ." ಅವಳಿಗೆ ಅದು ಬರುತ್ತದೆ, ಸಾಮಗ್ರಿಯೂ ಇದೆ.

ಆರನೆಯ ವರ್ಷ ಯಂತ್ರ ಕೆಟ್ಟಿತ್ತು. ಮತ್ತೆ ಕಾಗದ, ಮತ್ತೆ ಮೂರು ಪ್ರತಿ, ಮತ್ತೆ ಅರಗಿನ ಮುದ್ರೆ ಹಾಕಿದ ಲಕೋಟೆ. ಆ ವರ್ಷ ತಮ್ಮಿಂದ ನನಗೆ ಬಂದ ಪತ್ರದ ಒಳಗೆ ಬೇರೆ ಯಾರದೋ ಹೆಸರಿತ್ತು. ಪರರ ವಿಷಾದ ಮನೆಯಲ್ಲಿಟ್ಟುಕೊಳ್ಳಬಾರದೆಂದು ಅಪ್ಪ ಹೇಳಿದ್ದರಿಂದ ವಿಳಾಸ ಹುಡುಕಿಕೊಂಡು ಹೋದೆ. ಬಸ್ ಡಿಪೋದ ಹಿಂದಿನ ಮನೆಯ ಬಾಗಿಲು ತೆಗೆದವರು ಅರವತ್ತು ದಾಟಿದ ನಿವೃತ್ತ ಕಂಡಕ್ಟರರು, ಅವರ ಕೈಯಲ್ಲಿ ನನ್ನ ಪತ್ರವಿತ್ತು. ಪತ್ರಗಳಲ್ಲಿ ಹೆಸರೊಂದು ಬಿಟ್ಟರೆ ಅಲ್ಪವಿರಾಮವೂ ವ್ಯತ್ಯಾಸವಿಲ್ಲದ್ದರಿಂದ ಅದಲುಬದಲು ಮಾಡಿಕೊಳ್ಳುವ ಅಗತ್ಯವಿರಲಿಲ್ಲ, ಆದರೂ ಮರ್ಯಾದೆಗೆ ಮಾಡಿಕೊಂಡೆವು. ಅವರ ವಿಷಯ, ನಿಲ್ದಾಣವಲ್ಲದ ಕಡೆ ಬಸ್ಸು ನಿಲ್ಲಿಸಿಕೊಂಡವರ ಇತಿಹಾಸ. ಯಾರು ಕೈ ತೋರಿದರೆ ನಿಲ್ಲುತ್ತಿತ್ತು, ಯಾರು ತೋರಿದರೆ ನಿಲ್ಲುತ್ತಿರಲಿಲ್ಲ, ಯಾವ ವರ್ಷದಿಂದ ಯಾರು ಯಾರು ಕೈ ತೋರಲು ಧೈರ್ಯ ಮಾಡಿದರು ಎಂಬುದನ್ನು ಮೂವತ್ತೊಂದು ವರ್ಷ ಟಿಕೆಟ್ ಕಟ್ಟುಗಳ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದರು. ತಮ್ಮ ಸಮಿತಿ ಅವರನ್ನು ಒಂಬತ್ತು ಸಲ ತಿರಸ್ಕರಿಸಿತ್ತು. ಒಂಬತ್ತು ಪತ್ರಗಳಿಗೂ ಅವರು ಟಿಕೆಟ್ ಪಂಚಿನಿಂದ ತೂತು ಹಾಕಿ ದಾರದಲ್ಲಿ ಪೋಣಿಸಿದ್ದರು.

ನನ್ನ ಮುಖ ನೋಡಿ ಅವರು ನಕ್ಕು, "ಒಳಗೆ ಜಾಗ ಇದೆ ಅಂತ ನಂಗೂ ಗೊತ್ತಮ್ಮ. ಮೂವತ್ತೊಂದು ವರ್ಷ ನಾನೂ ಜಾಗ ಇಟ್ಕೊಂಡೇ ಜಾಗ ಇಲ್ಲ ಅಂದೋನು. ಬೇಜಾರು ಮಾಡ್ಕೋಬೇಡ. ಓಡ್ತಾ ಇರು, ಎಲ್ಲಾದ್ರೂ ಸ್ಲೋ ಆಗುತ್ತೆ" ಎಂದರು.

ಅಲ್ಲಿಂದ ಪ್ರತಿ ಬುಧವಾರ ಸಂಜೆ ಐದಕ್ಕೆ ನಮ್ಮ ಅಂಗಡಿಯಲ್ಲಿ ಅವರೂ ನಾನೂ ಬರೆದದ್ದನ್ನು ಒಬ್ಬರಿಗೊಬ್ಬರು ಓದುವುದು ಶುರುವಾಯಿತು. ಅಪ್ಪ ಒಂದು ಕಿವಿ ಇತ್ತ ಕೊಟ್ಟು ಮುಳ್ಳು ಉಜ್ಜುತ್ತಿದ್ದರು. ಓದು ಮುಗಿದ ಮೇಲೆ ಕಂಡಕ್ಟರರು ಹೇಳುತ್ತಿದ್ದದ್ದು ಎರಡೇ ಮಾತು: "ಇಲ್ಲಿ ನಂಗೆ ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ ಓದು." ಮಾನ್ಯರೇ, ಇನ್ನೊಂದು ಸಲ ಓದು ಎಂದು ನನಗೆ ಜೀವನದಲ್ಲಿ ಯಾರೂ ಹೇಳಿರಲಿಲ್ಲ. ಮೊದಲ ಬುಧವಾರದ ರಾತ್ರಿ ಅಕ್ಕನಿಗೆ ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು, ಅವಳು ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಲು ಹೇಳಿದಳು.

ಈ ವರ್ಷದ ಏಳನೆಯ ಪತ್ರ ಒಂದು ಸೋಮವಾರ ಬಂತು. ಅಕ್ಕ ಪ್ಲಾಸ್ಟರನ್ನೂ ತರಲಿಲ್ಲ, ಅದು ಇನ್ನೂ ಕೆಟ್ಟ ಲಕ್ಷಣ. ನಾನು ಎರಡು ದಿನ ಅಂಗಡಿಯಲ್ಲಿ ಕುಳಿತು ಯಾವ ತಕ್ಕಡಿ ಕೊಟ್ಟರೂ ಸರಿಯಿಲ್ಲವೆಂದು ಹೇಳುತ್ತಿದ್ದೆ, ಸರಿಯಿದ್ದವನ್ನೂ. ಗುರುವಾರ ಫೋನು ಬಂತು. ತಮ್ಮ ವಿಭಾಗದಿಂದ. ಆಸೆಯಿಂದ ಎದ್ದು ನಿಂತೇ ಎತ್ತಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆಚೆಯಿಂದ ಹಿರಿಯ ದನಿಯೊಂದು, "ತಕ್ಕಡಿ ಅಂಗಡೀನಾ? ಉಗ್ರಾಣದಲ್ಲಿ ಹಳೇ ಕಾಗದ ತೂಗಿ ಗುಜರಿಗೆ ಹಾಕ್ಬೇಕು. ತಕ್ಕಡಿ ಒಂದ್ಕಡೆ ವಾಲ್ತಿದೆ, ಯಾರಾದ್ರೂ ಬರ್ತೀರಾ?" ಎಂದಿತು. ಅಪ್ಪನಿಗೆ ಮಂಡಿನೋವು. ಹೀಗಾಗಿ ಏಳು ವರ್ಷ ಅಂಕಪಟ್ಟಿ ಹಿಡಿದು ಹೋದರೆ ದಾಟಲಾಗದ ಬಾಗಿಲನ್ನು ನಾನು ಇಕ್ಕಳ, ಅರ, ಎಣ್ಣೆ ಡಬ್ಬಿ ಹಿಡಿದು ಅರೆನಿಮಿಷದಲ್ಲಿ ದಾಟಿದೆ. ಕಾವಲುಗಾರ ಎದ್ದು ನಿಂತು ದಾರಿ ಬಿಟ್ಟ.

ಉಗ್ರಾಣದಲ್ಲಿ ಇಬ್ಬರಿದ್ದರು: ಫೋನು ಮಾಡಿದ್ದ ಗುಮಾಸ್ತರು ಮತ್ತು ಅಜ್ಜನ ಕಾಲದಿಂದಲೂ ಇಲ್ಲಿಯ ಹಳೆ ಕಾಗದ ಕೊಳ್ಳುತ್ತಾ ಬಂದ ಮನೆತನದ ಗುಜರಿಯವನು. ಸೂರಿನಿಂದ ಇಳಿಬಿಟ್ಟ ದೊಡ್ಡ ತಕ್ಕಡಿ, ಅದರ ಕೆಳಗೆ ಕಟ್ಟುಕಟ್ಟಾಗಿ ಅರ್ಜಿಗಳು. ದಂಡಕ್ಕೆ ಎಣ್ಣೆ ಹಾಕುತ್ತಾ ಕೆಳಗೆ ನೋಡಿದರೆ, ಒಂದು ಕಟ್ಟಿನ ಮೇಲ್ಗಡೆಯೇ ಅಪ್ಪ ಒತ್ತಿದ್ದ ಅರಗಿನ ಮುದ್ರೆ. ನನ್ನ ಆರನೆಯ ವರ್ಷದ ಲಕೋಟೆ. ಮುದ್ರೆ ಒಡೆದಿರಲಿಲ್ಲ. ಮಾನ್ಯರೇ, "ತಮ್ಮ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಿದ ಬಳಿಕ" ಎಂದು ಆ ವರ್ಷ ತಾವು ಬರೆದಿದ್ದಿರಿ. ಲಕೋಟೆ ತೆರೆಯದೆಯೇ ಮೂವತ್ತೆರಡು ಪುಟ ಕೂಲಂಕಷವಾಗಿ ಪರಿಶೀಲಿಸುವ ಆ ದಿವ್ಯದೃಷ್ಟಿಯನ್ನು ತಾವು ಪ್ರಾಚೀನ ಶಾಸನಗಳ ಕಡೆ ತಿರುಗಿಸಿದರೆ ಉತ್ಖನನದ ಖರ್ಚೇ ಉಳಿಯುತ್ತದೆ ಎಂದು ಈಗ ಬರೆಯಬಲ್ಲೆ. ಆಗ ಅಂಥದ್ದೇನೂ ತೋಚಲಿಲ್ಲ. ಅದೇ ಕಟ್ಟಿನ ಮೇಲೆ ಕುಸಿದು ಕೂತೆ.

ಗುಮಾಸ್ತರು ನೀರು ತಂದುಕೊಟ್ಟರು. ಲಕೋಟೆಯ ಮೇಲಿನ ಹೆಸರನ್ನೂ ನನ್ನನ್ನೂ ನೋಡಿ, ಬಾಗಿಲು ಮುಚ್ಚಿ ಬಂದು, ಮೆಲ್ಲಗೆ ಹೇಳಿದರು: "ಆ ಪತ್ರ ಬರೆಯೋನು ನಾನೇ ಕಣಮ್ಮ. ಅವರು ಬರೀ ಸಹಿ ಹಾಕ್ತಾರೆ. ಮೊದ್ಲು 'ಖೇದ' ಅಂತಿತ್ತು, ತುಂಬ ಒರಟಾಯ್ತು ಅಂತ ನಾನೇ 'ವಿಷಾದ' ಮಾಡ್ದೆ. ಯಾರ್ಯಾರದು ಓದಿ ಮನಸ್ಸಿಗೆ ಹತ್ತುತ್ತೋ ಅವರಿಗೆ 'ತೀವ್ರವಾಗಿ' ಅಂತ ಸೇರಿಸ್ತೀನಿ. ನಿಮಗೆ ಎರಡು ಸಲ ಸೇರಿಸಿದೀನಿ. ಹೋದ ವರ್ಷ ಮಾತ್ರ ನಾನು ಕಣ್ಣಿನ ಆಪರೇಷನ್ನಿಗೆ ರಜೆ ಹಾಕಿದ್ದೆ, ಅದಕ್ಕೇ ಯಾರೂ ತೆರೆದಿಲ್ಲ." ಅಂದರೆ ಏಳು ವರ್ಷಗಳಲ್ಲಿ ನನಗಾಗಿ ಯಾರೋ ಒಬ್ಬರು ನಿಜವಾಗಿಯೂ ವಿಷಾದಿಸುತ್ತಲೇ ಇದ್ದರು. ಅಪ್ಪನ ನಂಬಿಕೆ ಅಷ್ಟೇನೂ ಸುಳ್ಳಾಗಿರಲಿಲ್ಲ.

ಅಳುವುದು ಮುಗಿದ ಮೇಲೆ ಕೆಲಸ ಮುಗಿಸಬೇಕಲ್ಲ. ತಕ್ಕಡಿ ವಾಲುವುದು ನಿಂತಿತು. ಪರೀಕ್ಷಿಸಲೆಂದು ಒಂದು ತಟ್ಟೆಯಲ್ಲಿ ನಮ್ಮ ಅಂಗಡಿಯ ಐದು ಕಿಲೋ ಕಲ್ಲನ್ನೂ ಇನ್ನೊಂದರಲ್ಲಿ ತಮ್ಮ ವಿಭಾಗದ ಐದು ಕಿಲೋ ಕಲ್ಲನ್ನೂ ಇಟ್ಟೆ. ತಮ್ಮದು ದಡಕ್ಕನೆ ನೆಲಕ್ಕೆ ಕೂತಿತು. ಸಣ್ಣ ಕಲ್ಲುಗಳನ್ನು ಸೇರಿಸುತ್ತಾ ಹೋದೆ, ಆರುನೂರ ನಲವತ್ತು ಗ್ರಾಂ ಹಾಕಿದ ಮೇಲೆ ಮುಳ್ಳು ನೆಟ್ಟಗಾಯಿತು. ಅಂದರೆ ಈ ಕಲ್ಲಿಟ್ಟು ತೂಗಿದಾಗಲೆಲ್ಲ, ಪ್ರತಿ ಐದು ಕಿಲೋಗೂ ಆರುನೂರ ನಲವತ್ತು ಗ್ರಾಂ ಕಾಗದ ತಮ್ಮ ವಿಭಾಗದಿಂದ ಪುಕ್ಕಟೆಯಾಗಿ ಗುಜರಿ ಸೇರುತ್ತಿತ್ತು. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲಿ ಗುಜರಿಯವನು, "ನಮ್ಮಜ್ಜ ಅಂಥೋರಲ್ಲ ಮೇಡಂ!" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೆ, ಅಜ್ಜನ ಹೆಗಲು ಮುಟ್ಟಿ ನೋಡುವವನನ್ನು ಅಂದೇ ಕಂಡದ್ದು.

ಕಲ್ಲನ್ನು ಮಗುಚಿದೆ. ಹೊಟ್ಟೆಯ ಸೀಸದ ಮೇಲೆ ಇನ್‌ಸ್ಪೆಕ್ಟರರ ಮುದ್ರೆಯಿತ್ತು, ತಲೆಕೆಳಗಾಗಿ.

ಊರಿನ ಅಷ್ಟೂ ಬಾಗಿಲುಗಳಲ್ಲಿ ಬೈಸಿಕೊಂಡು ನಾನು ಹುಡುಕಿದ ಸೀಸದಣ್ಣನ ಕಲ್ಲು, ಭೌತಿಕ ಆಧಾರವಿಲ್ಲವೆಂದು ತಾವು ಸಹಿ ಹಾಕಿದ ಕೋಣೆಯ ನೇರ ಕೆಳಗೆ, ನನ್ನ ಅರ್ಜಿಯನ್ನು ತೂಗಲು ಕಾಯುತ್ತಾ ಕೂತಿತ್ತು. ನಾನು ಕೂಗಿಕೊಂಡೆನಂತೆ. ಮೇಲಿನ ಮಹಡಿಯಲ್ಲಿ ತಮ್ಮ ಸಭೆ ನಡೆಯುತ್ತಿತ್ತೆಂದೂ, ಇಲಿ ಇರಬೇಕೆಂದು ಯಾರೋ ಹೇಳಿದರೆಂದೂ ಆಮೇಲೆ ತಿಳಿಯಿತು.

ಕಲ್ಲನ್ನು ಅಧ್ಯಯನಕ್ಕೆ ಕೊಡಿರೆಂದು ಕೇಳಿದೆ. ಗುಮಾಸ್ತರು ನಿಯಮ ಪುಸ್ತಕ ತೆಗೆದು ತೋರಿಸಿದರು: ವಿಭಾಗದ ವಸ್ತುಗಳನ್ನು ಅಧ್ಯಯನಕ್ಕೆ ಒಯ್ಯಲು ನೋಂದಾಯಿತ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾತ್ರ ಅವಕಾಶ. ನಾನು ಪುಸ್ತಕ ಮುಚ್ಚಿದೆ. ಅವರು ಮತ್ತೆ ತೆರೆದು ಮುಂದಿನ ಪುಟ ತೋರಿಸಿದರು: ರಿಪೇರಿಗಾಗಿ ಯಾರು ಬೇಕಾದರೂ ಹದಿನೈದು ದಿನ ಒಯ್ಯಬಹುದು. ಕಲ್ಲು ತೂಕ ತಪ್ಪಿದೆ, ರಿಪೇರಿ ಆಗಬೇಕಾದದ್ದು ನಿಜವೇ ತಾನೇ, ಎಂದು ಗೇಟ್ ಪಾಸ್ ಬರೆದುಕೊಟ್ಟರು. ಕಾವಲುಗಾರ ಮತ್ತೆ ಎದ್ದು ನಿಂತ.

ಈಗ ತಾವು ದಯಮಾಡಿ ನನ್ನ ಪೇಚನ್ನು ಗಮನಿಸಬೇಕು. ರಿಪೇರಿ ಮಾಡಿದರೆ, ಅಂದರೆ ಹೆಚ್ಚಿನ ಸೀಸ ತೆಗೆದರೆ, ತಲೆಕೆಳಗು ಮುದ್ರೆ ಹೋಯಿತು, ಕಲ್ಲು ಸಾಚಾ ಆಯಿತು, ಇತಿಹಾಸ ಮಣ್ಣುಪಾಲಾಯಿತು. ರಿಪೇರಿ ಮಾಡದಿದ್ದರೆ ನಾನು ಸುಳ್ಳು ಹೇಳಿ ಸರ್ಕಾರಿ ಕಲ್ಲು ಸಾಗಿಸಿದವಳಾದೆ. ಹದಿನೈದನೆಯ ದಿನ ಬೆವರುತ್ತಾ ಹೋದರೆ ಗುಮಾಸ್ತರು ಪಾಸಿನ ಹಿಂಬದಿಯಲ್ಲಿ ದುಂಡಗೆ, "ರಿಪೇರಿ ಪ್ರಗತಿಯಲ್ಲಿದೆ" ಎಂದು ಬರೆದು ಸಹಿ ಹಾಕಿದರು. ಒಂದೇ ಕರಾರು, ಪ್ರತಿ ಸಲವೂ ಪ್ರಗತಿ ಏನೆಂದು ಹತ್ತು ಪುಟ ಬರೆದು ತರಬೇಕು. ತಂದೆ. ಹೀಗೆ ಐದು ಸಲ ಆಯಿತು. ತಮ್ಮ ವಿಭಾಗದಲ್ಲಿ ಹದಿನೈದು ದಿನಕ್ಕೊಮ್ಮೆ ತಪ್ಪದೆ ಪ್ರಗತಿ ವರದಿ ಸಲ್ಲಿಸಿದ ಸಂಶೋಧಕರು ನನ್ನ ಹೊರತು ಇನ್ನೊಬ್ಬರಿಲ್ಲವೆಂದು ಅವರೇ ಹೇಳಿದರು. ನಾನು ಸಂಶೋಧಕಿಯಲ್ಲ ಎಂಬುದೊಂದೇ ಕೊರತೆ.

ಐವತ್ತು ಪುಟವಾಯಿತು. ಒಂದು ಬುಧವಾರ ಅಂಗಡಿಯಲ್ಲಿ ಅದನ್ನು ಪೂರ್ತಿಯಾಗಿ ಓದಿದೆ. ಟೈಲರು ಬಂದಿದ್ದರು, ಬೀಗದವರು ಬಂದಿದ್ದರು, ಅಕ್ಕ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದು ಬಾಗಿಲಿಗೆ ಒರಗಿದ್ದಳು. ಅಜ್ಜನ ಮಾನ ಕಾಯಲೆಂದು ಗುಜರಿಯವನೂ ಬಂದಿದ್ದ. ಅರ್ಧ ಓದಿದಾಗ ಮೂರು ವರ್ಷದ ಹಿಂದೆ ಕೊಟ್ಟಿದ್ದ ತಕ್ಕಡಿಯನ್ನು ನೆನಪಿಸಿಕೊಂಡು ತಮ್ಮ ಬಲತುದಿಯ ಪ್ರೊಫೆಸರರು ಬಂದರು. ತಕ್ಕಡಿ ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೂ ಕೇಳಿದರು. ಎಲ್ಲ ಮುಗಿದ ಮೇಲೆ ಕಣ್ಣರಳಿಸಿ, "ಅದ್ಭುತ ಕಣಮ್ಮ! ಇಂಥ ಕೆಲಸ ಮಾಡಿಕೊಂಡು ಇಲ್ಲಿ ಕೂತಿದೀಯಲ್ಲ, ನಮ್ಮ ವಿಭಾಗಕ್ಕೆ ಒಂದು ಅರ್ಜಿ ಯಾಕೆ ಹಾಕಬಾರ್ದು?" ಎಂದರು.

ಕಂಡಕ್ಟರರು ಮೆಲ್ಲಗೆ, "ರೈಟ್ ರೈಟ್" ಎಂದರು. ಅಕ್ಕ ಆ ಪ್ರೊಫೆಸರರ ಮಣಿಕಟ್ಟನ್ನು ಸುಮ್ಮನೆ ಅಳತೆಗಣ್ಣಿನಿಂದ ನೋಡುತ್ತಿದ್ದಳು.

ಕಳೆದ ತಿಂಗಳು ಗುಮಾಸ್ತರು ನಿವೃತ್ತರಾದರು. ಅವರಿಗೆ ತೊಂದರೆಯಾಗದೆಂದು ಖಾತ್ರಿಯಾದ ಮೇಲೆಯೇ ನಾನು ಈ ಪತ್ರ ಬರೆಯುತ್ತಿರುವುದು. ಅವರ ಜಾಗಕ್ಕೆ ಬಂದ ಹೊಸಬರು ಮೊದಲ ದಿನವೇ ಪಾಸುಗಳನ್ನು ತೆಗೆದು, ಕಲ್ಲನ್ನು ಮೂರು ದಿನಗಳೊಳಗೆ ಒಪ್ಪಿಸತಕ್ಕದ್ದು ಎಂದು ನೋಟಿಸು ಕಳಿಸಿದರು. ಅಪ್ಪ ಅರವನ್ನು ಕೈಗೆತ್ತಿಕೊಂಡು, ಇಟ್ಟು, ಮತ್ತೆ ಎತ್ತಿಕೊಂಡು, ಕೊನೆಗೆ, "ಐವತ್ತು ವರ್ಷದಲ್ಲಿ ತಪ್ಪು ಕಲ್ಲನ್ನ ಹಾಗೇ ವಾಪಸ್ ಕೊಟ್ಟೋನಲ್ಲ ನಾನು. ಇದೊಂದನ್ನ ಮುಟ್ಟಲ್ಲ. ತಗೊಂಡ್ಹೋಗು" ಎಂದು ಬಟ್ಟೆಯಲ್ಲಿ ಸುತ್ತಿಕೊಟ್ಟರು. ಕಂಡಕ್ಟರರು ಜೊತೆಗೆ ಬಂದರು. ಬಸ್ಸಿನಲ್ಲಿ ಕಲ್ಲನ್ನು ಕಿಟಕಿ ಪಕ್ಕ ಕೂರಿಸಿಕೊಂಡಿದ್ದೆ.

ಹೊಸ ಗುಮಾಸ್ತರು ದಾಸ್ತಾನು ಪುಸ್ತಕ ತೆಗೆದರು. ಕಲ್ಲನ್ನು ತೂಗಿಸಿದರು, ಅದೂ ಈಚೆಗೆ ತಂದ ಹೊಸ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ. ಪುಸ್ತಕ ನೋಡಿದರು, ತಕ್ಕಡಿ ನೋಡಿದರು, ನನ್ನನ್ನು ನೋಡಿದರು. ಬಳಿಕ ಅಲ್ಲಿಯೇ ಬರೆದುಕೊಟ್ಟ ಪತ್ರ ನನ್ನ ಮುಂದಿದೆ: "ದಾಸ್ತಾನು ಪುಸ್ತಕದಂತೆ ವಿಭಾಗದ ಕಲ್ಲಿನ ತೂಕ ಐದು ಕಿಲೋ. ತಾವು ಒಪ್ಪಿಸಲು ತಂದಿರುವ ಕಲ್ಲು ಐದು ಕಿಲೋ ಆರುನೂರ ನಲವತ್ತು ಗ್ರಾಂ ಇರುವುದರಿಂದ ಅದು ವಿಭಾಗಕ್ಕೆ ಸೇರಿದ್ದಲ್ಲ. ಸದರಿ ಕಲ್ಲನ್ನು ಸ್ವೀಕರಿಸಲು ಸಾಧ್ಯವಾಗದಿರುವುದಕ್ಕೆ ವಿಷಾದಿಸುತ್ತೇವೆ."

ಮಾನ್ಯರೇ, ತಮ್ಮ ವಿಭಾಗದ ಎಂಟನೆಯ ತಿರಸ್ಕಾರಪತ್ರವನ್ನು ನಾನು ತಮ್ಮ ಮೆಟ್ಟಿಲುಗಳ ಮೇಲೆಯೇ ನಿಂತು ನಾಲ್ಕು ಸಲ ಗಟ್ಟಿಯಾಗಿ ಓದಿದೆ. ಆಮೇಲೆ ಅಂಗಡಿಗೆ ಓಡಿ, ಸರಿಯಾಗಿ ಐದು ಕಿಲೋ ತೂಗುವ, ನೆಟ್ಟಗೆ ಮುದ್ರೆಯುಳ್ಳ, ಯಾವ ಕಥೆಯೂ ಇಲ್ಲದ ಹೊಸ ಕಲ್ಲೊಂದನ್ನು ತಂದೊಪ್ಪಿಸಿ ರಸೀದಿ ಪಡೆದೆ. ಸೀಸದಣ್ಣನ ಕಲ್ಲು ಈಗ ನಮ್ಮ ಅಂಗಡಿಯ ಗಾಜಿನ ಕಪಾಟಿನಲ್ಲಿದೆ. ಅದರ ಹೊಟ್ಟೆಯೊಳಗಿನ ಸೀಸವನ್ನು ಎಲ್ಲಿಂದ ತರುತ್ತಿದ್ದ ಎಂಬುದು ಮೂರನೆಯ ಅಧ್ಯಾಯ, ಅದನ್ನೇ ಈಗ ಬರೆಯುತ್ತಿದ್ದೇನೆ.

ನಿವೃತ್ತ ಗುಮಾಸ್ತರೂ ಈಗ ಬುಧವಾರಕ್ಕೆ ಬರುತ್ತಾರೆ. ಖೇದದಿಂದ ವಿಷಾದದವರೆಗೆ ಮೂವತ್ತು ವರ್ಷ ಸ್ವಂತ ಕೈಯಿಂದ ಬರೆದ ನಿರಾಕರಣೆಗಳ ಭಾಷೆಯ ಮೇಲೆ ಪಿಎಚ್.ಡಿ. ಮಾಡಬೇಕೆಂದು ತಮ್ಮಲ್ಲಿಗೇ ಅರ್ಜಿ ಹಾಕಿದ್ದಾರೆ. ಆಧಾರಗಳೆಲ್ಲ ಅವರ ಬಳಿ ಇವೆ. ಅವರಿಗೆ ಉತ್ತರ ಬರೆಯಬೇಕಾದವರ ಸ್ಥಿತಿಯನ್ನು ನೆನೆದರೆ ನನಗೇ ಕರುಳು ಚುರುಕ್ ಎನ್ನುತ್ತದೆ.

ಆ ಪದವಿ ಇನ್ನು ಬೇಡವೆಂದು ನಾನು ಬರೆದರೆ ತೂಕ ತಪ್ಪಿದ ಮಾತಾಗುತ್ತದೆ. ಬೇಕು. ಮುಂದಿನ ವರ್ಷವೂ ಅರ್ಜಿ ಹಾಕುತ್ತೇನೆ, ಅಕ್ಕ ಒಪ್ಪಿದ್ದಾಳೆ, ಎಡಗೈಯಲ್ಲಿ ಬರೆಯುವುದಾದರೆ. ಆದರೆ ಮೂರನೆಯ ಅಧ್ಯಾಯಕ್ಕೆ ಇನ್ನು ತಮ್ಮ ಅಪ್ಪಣೆ ಬೇಕಾಗಿಲ್ಲ ಎಂಬುದು ತಿಳಿದ ದಿನದಿಂದ ನನಗೆ ಚೆನ್ನಾಗಿ ನಿದ್ದೆ ಬರುತ್ತಿದೆ. ತಮ್ಮಲ್ಲಿ ನನ್ನ ಬೇಡಿಕೆಗಳು ಹೆಚ್ಚಿಲ್ಲ. ಕಂಡಕ್ಟರರ ಹತ್ತನೆಯ ಅರ್ಜಿ ಮೇಜಿನ ಮೇಲಿದೆ, ಅದನ್ನು ಓದಿ, ಸಾಧ್ಯವಾದರೆ ಲಕೋಟೆ ತೆರೆದು ಓದಿ. ಒಪ್ಪಿಗೆಯಾಗದಿದ್ದರೆ ಏಕೆಂದು ಹೊಸ ಮಾತಿನಲ್ಲಿ ಹೇಳಿ. ಮತ್ತು ಉಗ್ರಾಣದಲ್ಲಿ ಇನ್ನೇನೇನು ತೂಕ ತಪ್ಪಿದೆಯೋ ಒಮ್ಮೆ ಇಳಿದು ನೋಡಿ. ಮೆಟ್ಟಿಲುಗಳು ಹದಿನಾಲ್ಕೇ ಇವೆ, ಕೈ ಹಿಡಿದುಕೊಳ್ಳಲು ಕಂಬಿಯೂ ಇದೆ.

ಇಷ್ಟು ದೀರ್ಘವಾಗಿ ಬರೆದು ತಮ್ಮ ಅಮೂಲ್ಯ ವೇಳೆಯನ್ನು ತಿಂದದ್ದಕ್ಕೆ ಕ್ಷಮೆ ಇರಲಿ. ಏಳು ವರ್ಷಗಳ ಸರಾಸರಿ ತೆಗೆದರೆ ಹೆಚ್ಚೇನೂ ಆಗಲಾರದು.

ತಮ್ಮ ವಿಶ್ವಾಸಿ, ವಿಭಾಗದ ಯಾವ ಪಟ್ಟಿಯಲ್ಲಿಯೂ ಇಲ್ಲದ,
ತಕ್ಕಡಿ ರಿಪೇರಿಯವಳು

ಮರುಬರಹ: ಬುಧವಾರದ ಓದಿಗೆ ತಮಗೂ ಆದರದ ಆಹ್ವಾನವಿದೆ, ಯಾವ ಅರ್ಜಿಯನ್ನೂ ಹಾಕಬೇಕಾಗಿಲ್ಲ. ಆದರೆ ಅಂಗಡಿ ತೀರ ಇಕ್ಕಟ್ಟು, ಎಲ್ಲರೂ ಮರದ ಪೆಟ್ಟಿಗೆಗಳ ಮೇಲೆ ಕೂರುತ್ತೇವೆ. ಆದ್ದರಿಂದ ತಾವು ದಯವಿಟ್ಟು ಕುರ್ಚಿ ಬಿಟ್ಟು ಬರತಕ್ಕದ್ದು.